ಹಿಂದಿನ ಕೋಣೆಯ ಖಾಲಿ ಟ್ಯಾಂಕು

“ಈ ನೀಲಿ ಮೀನನ್ನ ಇಲ್ಲಿಗೆ ನಾಗಾರ್ಜುನ ಸಾರ್ ಬಿಟ್ಟಿಲ್ಲ. ದೇವರಾಣೆ ಬಿಟ್ಟಿಲ್ಲ,” ಎಂದ ದಿಲೀಪ್.

ಗಾಜಿಗೆ ಮೂಗು ತಾಗುವಷ್ಟು ಬಾಗಿ ನಿಂತಿದ್ದ. ದನಿಯಲ್ಲಿ ಕೋಪವಿತ್ತು, ಅದಕ್ಕಿಂತ ಹೆಚ್ಚಾಗಿ ಸಂಕಟವಿತ್ತು. ಊರಿನಲ್ಲಿ ಸಮುದ್ರದ ಮೀನು ತರಿಸಿಕೊಡುವ ಅಂಗಡಿ ಇದ್ದದ್ದು ಅವನದೊಂದೇ. ಈ ಟ್ಯಾಂಕಿನ ಒಂದೊಂದು ಮೀನೂ ಅವನ ಕೈ ದಾಟಿಯೇ ಬಂದಿತ್ತು.

ಮಹದೇವಪ್ಪ ಕನ್ನಡಕ ಒರೆಸಿಕೊಂಡು ತಾವೂ ಬಾಗಿದರು. ಅಗ್ರಹಾರದ ಆ ಹಳೆಯ ಮನೆಯ ನಡುಮನೆಯಲ್ಲಿ ಒಂದು ಗೋಡೆಯನ್ನೇ ಆವರಿಸಿಕೊಂಡಿದ್ದ ಟ್ಯಾಂಕು. ಮೇಲಿನಿಂದ ಬೀಳುವ ನೀಲಿ ಬೆಳಕು. ಕಲ್ಲಿನ ಸಂದಿಗೆ ಒರಗಿಕೊಂಡು ತಿಳಿನೀಲಿ ಮೀನೊಂದು ಏದುಸಿರು ಬಿಡುತ್ತಿತ್ತು. ಅದರ ಮೈಮೇಲೆ ಯಾರೋ ರವೆ ಎರಚಿದಂತೆ ಬಿಳಿ ಚುಕ್ಕೆಗಳು. ಪಕ್ಕದಲ್ಲಿ ಕಿತ್ತಳೆ ಬಣ್ಣದ ಎರಡು ಪುಟ್ಟ ಮೀನು ಮರಳಿಗೆ ಮೈ ಉಜ್ಜುತ್ತಿದ್ದವು. ಇನ್ನೊಂದು ಆಗಲೇ ಬಣ್ಣ ಕಳೆದುಕೊಂಡು ಮೇಲೆ ತೇಲುತ್ತಿತ್ತು.

ಇದೇ ಟ್ಯಾಂಕಿನ ಮುಂದೆ ನಾಗಾರ್ಜುನ ಸತ್ತು ಬಿದ್ದಿದ್ದರು. ಅದಾಗಿ ಎರಡು ವಾರ ಕಳೆದಿತ್ತು. ಎದೆನೋವು ಬಂದು ಬಿದ್ದರು, ಬೀಳುವಾಗ ಕಬ್ಬಿಣದ ಸ್ಟ್ಯಾಂಡಿನ ಅಂಚು ತಲೆಗೆ ಬಡಿಯಿತು ಎಂದು ಪೊಲೀಸರು ಬರೆದು ಮುಗಿಸಿದ್ದರು. ಒಪ್ಪದೇ ಇದ್ದವರು ಒಬ್ಬರೇ, ಅವರ ಹೆಂಡತಿ ಮಂಜುಳಮ್ಮ.

“ಆ ಸಂಜೆ ಅಲ್ಲಿಗೆ ಯಾರೋ ಬಂದಿದ್ರು ಸಾರ್. ಯಾರು ಅಂತ ನನಗೆ ಗೊತ್ತಾಗಬೇಕು,” ಎಂದು ನಿವೃತ್ತ ಇನ್‌ಸ್ಪೆಕ್ಟರ್ ಮಹದೇವಪ್ಪನವರನ್ನು ಹುಡುಕಿಕೊಂಡು ಬಂದಿದ್ದರು ಆಕೆ. ಗಂಡ ಹೆಂಡತಿ ಇದ್ದದ್ದು ಕುವೆಂಪುನಗರದಲ್ಲಿ. ಈ ಅಗ್ರಹಾರದ ಮನೆ ನಾಗಾರ್ಜುನರ ತಂದೆಯ ಕಾಲದ್ದು. ಉಪ್ಪುನೀರಿನ ವಾಸನೆ ತನಗಾಗದು ಎಂದು ಮಂಜುಳಮ್ಮ ಹೇಳಿದ ಮೇಲೆ ನಾಗಾರ್ಜುನ ಮೀನುಗಳನ್ನೆಲ್ಲ ಇಲ್ಲಿಗೆ ಸಾಗಿಸಿದ್ದರು. ಮೇಟಗಳ್ಳಿಯ ತಮ್ಮ ಫ್ಯಾಕ್ಟರಿಯಿಂದ ನೇರವಾಗಿ ಇಲ್ಲಿಗೆ ಬಂದು, ಕತ್ತಲಾದ ಮೇಲೆ ಮನೆಗೆ ಹೋಗುವುದು ಅವರ ರೂಢಿ. ಆ ದಿನ ಹೋಗಲಿಲ್ಲ. ಮಾರನೇ ಬೆಳಿಗ್ಗೆ ಕಸ ಗುಡಿಸುವ ತಿಮ್ಮಮ್ಮ ಬಾಗಿಲು ತೆಗೆದಾಗಲೇ ವಿಷಯ ಗೊತ್ತಾದದ್ದು.

“ಅವರು ಬಿಟ್ಟಿಲ್ಲ ಅಂತ ಅಷ್ಟು ಖಚಿತವಾಗಿ ಹೇಗೆ ಹೇಳ್ತೀಯಪ್ಪ?” ಎಂದರು ಮಹದೇವಪ್ಪ. “ಮೀನು ತಂದುಕೊಟ್ಟವನು ನೀನು. ಟ್ಯಾಂಕು ಅವರದು. ತಗೊಂಡು ಬಿಟ್ಟಿರ್ತಾರೆ.”

“ಈ ಟ್ಯಾಂಕಿಗಾ? ಬಂದ ದಿನಾನೇನಾ?” ದಿಲೀಪ್ ತಲೆ ಅಲ್ಲಾಡಿಸಿದ. “ಹೊಸ ಮೀನಿಗೆ ರೋಗ ಇದ್ರೆ ಮೊದಲು ಕಾಣಲ್ಲ ಸಾರ್. ಚೆನ್ನಾಗೇ ಈಜಾಡ್ಕೊಂಡಿರುತ್ತೆ. ವಾರವೋ ಹತ್ತು ದಿನವೋ ಆದ್ಮೇಲೆ ಮೈಮೇಲೆ ಚುಕ್ಕೆ ಏಳುತ್ತೆ. ಅಷ್ಟೊತ್ತಿಗೆ ನೀರಿಗೆಲ್ಲ ಹರಡಿಬಿಟ್ಟಿರುತ್ತೆ. ಅದಕ್ಕೇ ಅದನ್ನ ಬೇರೆ ಇಡಬೇಕು. ತಿಂಗಳು, ಒಂದೂವರೆ ತಿಂಗಳು. ಸಾರ್ ಅದನ್ನ ಕ್ವಾರಂಟೈನ್ ಅಂತಿದ್ರು. ಹಡಗಿನಲ್ಲಿ ಬಂದವರನ್ನ ಊರಾಚೆ ಇಡ್ತಿದ್ರಂತಲ್ಲ, ಹಾಗೆ.”

“ರೋಗ ಬಂದ್ರೆ ಔಷಧಿ ಹಾಕಿದ್ರಾಯ್ತು.”

“ಇಲ್ಲಿ ಹಾಕೋಕಾಗಲ್ಲ. ತಾಮ್ರದ ಔಷಧಿ ಅದು. ಮೀನಿಗೇನೋ ವಾಸಿಯಾಗುತ್ತೆ, ಆದ್ರೆ ಈ ಹವಳ, ಸೀಗಡಿ ಒಂದೂ ಉಳಿಯಲ್ಲ. ಒಂದು ಸಲ ಆಸೆ ತಡೀಲಾರದೆ ಹೊಸ ಮೀನನ್ನ ನೇರವಾಗಿ ಬಿಟ್ಟು ಇಡೀ ಟ್ಯಾಂಕು ಕಳ್ಕೊಂಡಿದ್ರು ಸಾರ್. ಅವತ್ತು ಇದೇ ಕುರ್ಚಿ ಮೇಲೆ ಮಗು ಥರ ಕೂತಿದ್ರು. ಆಮೇಲಿಂದ ನಾನು ಏನೇ ತಂದ್ರೂ ಹಿಂದಿನ ಕೋಣೆಗೆ. ಬನ್ನಿ, ತೋರಿಸ್ತೀನಿ.”

ನಡುಮನೆಯ ಟ್ಯಾಂಕಿನ ಪಕ್ಕದಲ್ಲೇ ಹಿಂದಿನ ಕೋಣೆಯ ಬಾಗಿಲು. ಹಿಂದೊಮ್ಮೆ ಉಗ್ರಾಣವಾಗಿದ್ದ ಕತ್ತಲೆ ಕೋಣೆ. ಅಲ್ಲಿ ಮರದ ಬೆಂಚಿನ ಮೇಲೆ ಇನ್ನೊಂದು ಚಿಕ್ಕ ಟ್ಯಾಂಕಿತ್ತು. ಮರಳಿಲ್ಲ, ಹವಳವಿಲ್ಲ, ಮೀನು ಅಡಗಿಕೊಳ್ಳಲೆಂದು ಪ್ಲಾಸ್ಟಿಕ್ ಪೈಪಿನ ಎರಡು ತುಂಡು ಮಾತ್ರ. ನೀರಿನೊಳಗೆ ಗಾಳಿಯ ಗುಳ್ಳೆಗಳು ಬುಳುಬುಳು ಏಳುತ್ತಿದ್ದವು. ಬೆಂಚಿನ ತುದಿಯಲ್ಲಿ ಸೀಲು ಒಡೆಯದ ಔಷಧಿ ಬಾಟಲಿ.

ಬರುವವನಿಗಾಗಿ ಹಾಸಿಗೆ ಹಾಸಿಟ್ಟ ಕೋಣೆಯಂತಿತ್ತು ಅದು. ಬರುವವನು ಬರಲೇ ಇಲ್ಲ.

“ಎಲ್ಲ ಸಿದ್ಧ ಮಾಡಿಟ್ಟಿದ್ರು,” ಎಂದ ದಿಲೀಪ್ ಮೆಲ್ಲಗೆ. “ಅವರು ಹೋದ ದಿನ ಸಂಜೆ ನಾನು ಆ ನೀಲಿ ಮೀನಿನ ಕವರ್ ಕೈಗೆ ಕೊಟ್ಟು ಬಾಗಿಲಿಂದಲೇ ಹೊರಟುಬಿಟ್ಟೆ. ಕಾಫಿ ಕುಡಿದು ಹೋಗೋ ಅಂದ್ರು. ಅಂಗಡೀಲಿ ಗಿರಾಕಿ ಕಾಯ್ತಿದ್ದಾರೆ ಅಂದೆ. ಯಾರೂ ಕಾಯ್ತಿರಲಿಲ್ಲ ಸಾರ್. ಸುಮ್ನೆ ಅಂದೆ. ಅವರ ಜೊತೆ ಕೂತ್ರೆ ಮೀನಿನ ವಿಷಯಾನೇ ಮಾತಾಡ್ತಾ ಹೊತ್ತು ಹೋಗುತ್ತೆ ಅಂತ.”

ಮಹದೇವಪ್ಪನವರ ಬಳಿಯೂ ಅಂಥದ್ದೊಂದು ಕೊರಗು ಇತ್ತು. ಯಾವುದೋ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತ ನಾಗಾರ್ಜುನ, “ನಮ್ಮನೆಗೆ ಬನ್ನಿ ಸಾರ್, ಸಮುದ್ರ ತೋರಿಸ್ತೀನಿ” ಎಂದಿದ್ದರು. ಖಂಡಿತ ಬರ್ತೀನಿ ಎಂದು ಇವರೂ ಹೇಳಿದ್ದರು. ಬಂದದ್ದು ಈಗ, ಸಮುದ್ರ ಸಾಯುತ್ತಿರುವಾಗ.

ಅವರ ಕಣ್ಣು ನಡುಮನೆಯ ಕಿಟಕಿಯ ಕಡೆ ಹೊರಳಿತು.

ಕಿಟಕಿಯ ಅಂಚಿನ ಮೇಲೆ ದಪ್ಪ ಪ್ಲಾಸ್ಟಿಕ್ ಕವರೊಂದು ಇತ್ತು. ಅದನ್ನು ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಡಿಚಿಡಲಾಗಿತ್ತು. ಅದರ ಪಕ್ಕದ ಸರಳಿಗೆ ನಾಲ್ಕೈದು ರಬ್ಬರ್ ಬ್ಯಾಂಡುಗಳನ್ನು ಒಂದರ ಮೇಲೊಂದು ಸಿಕ್ಕಿಸಲಾಗಿತ್ತು.

“ಇದು ನೀನು ತಂದ ಕವರೇನಪ್ಪ?”

ದಿಲೀಪ್ ಬಿಡಿಸಿ ನೋಡಿದ. “ಇದೇ ಸಾರ್. ಆದ್ರೆ...” ಕವರಿನ ಬಾಯಿಯ ಮೇಲೆ ಬೆರಳಾಡಿಸಿದ. “ಸಾರ್ ಯಾವಾಗಲೂ ಕತ್ತರೀಲಿ ಕುಯ್ತಿದ್ರು. ನಾನು ಆಕ್ಸಿಜನ್ ತುಂಬಿ ಬಿಗಿಯಾಗಿ ತಿರುಚಿ ಬ್ಯಾಂಡ್ ಹಾಕಿರ್ತೀನಿ. ಬಿಚ್ಚೋಕೆ ಕೂತ್ರೆ ಉಗುರು ಕಿತ್ತುಹೋಗುತ್ತೆ. ಇದನ್ನ ಯಾರೋ ಒಂದೊಂದೇ ಬಿಚ್ಚಿದ್ದಾರೆ. ಕವರ್ ಎಲ್ಲೂ ಹರಿದಿಲ್ಲ.”

ಮಹದೇವಪ್ಪ ಕುರ್ಚಿಯ ಮೇಲೆ ಕೂತರು. ಪೊಲೀಸರು ಕವರನ್ನು ನೋಡಿರಬೇಕು. ಮೀನಿನ ಮನೆಯಲ್ಲಿ ಮೀನಿನ ಕವರು ಇರುವುದು ಸಹಜ ಎಂದು ಸುಮ್ಮನಾಗಿರಬೇಕು.

ಆ ಸಂಜೆ ಇಲ್ಲಿದ್ದ ಆ ಇನ್ನೊಬ್ಬರಿಗೆ ಹಿಂದಿನ ಕೋಣೆಯ ವಿಷಯ ಗೊತ್ತಿರಲಿಲ್ಲ. ಮೀನು ಸಾಕುವ ಮಂದಿಯಲ್ಲ. ಆದರೂ ಕವರಿನೊಳಗೆ ಮೀನು ಉಸಿರುಗಟ್ಟುವುದನ್ನು ನೋಡಲಾಗದೆ ಹೋದವರು. ಕವರು, ರಬ್ಬರ್ ಬ್ಯಾಂಡು ಹಾಳು ಮಾಡಬಾರದು ಎಂದು ಕೈಗೆ ಅಭ್ಯಾಸವಾದವರು.

ಅದೇ ನೆಲದ ಮೇಲೆ ಮನುಷ್ಯನೊಬ್ಬ ಸಾಯುತ್ತಿದ್ದಾಗ, ಅವರ ಕರುಣೆ ಮೀನಿಗಷ್ಟೇ ಸಾಕಾಯಿತೇ?

“ಸಾರ್,” ದಿಲೀಪ್ ತಡೆದು ತಡೆದು ಕೇಳಿದ. “ಮಂಜುಳಮ್ಮನೋರು ಎಲ್ಲಾನೂ ಎತ್ಕೊಂಡು ಹೋಗು, ಬೇಗ ಮನೆ ಖಾಲಿ ಮಾಡು ಅಂತಿದ್ದಾರೆ. ಅದಕ್ಕೆ ಮುಂಚೆ ಉಳಿದಿರೋವನ್ನ ಹಿಂದಿನ ಟ್ಯಾಂಕಿಗೆ ಹಾಕಿ ಔಷಧಿ ಕೊಡ್ಲಾ? ತಡ ಆಗಿದೆ. ಆದ್ರೂ...”

“ಹಾಕಪ್ಪ,” ಎಂದರು ಮಹದೇವಪ್ಪ. “ಹಾಕು. ಮಂಜುಳಮ್ಮನವರಿಗೆ ನಾನು ಹೇಳ್ತೀನಿ.”

ಅವನು ಬಲೆ ತರಲು ಓಡಿದ.

*

ಮೇಟಗಳ್ಳಿಯ ಫ್ಯಾಕ್ಟರಿ ದೊಡ್ಡದೇನಲ್ಲ. ತಗಡಿನ ಮಾಡಿನ ಎರಡು ಶೆಡ್ಡು. ಒಂದರಲ್ಲಿ ಪ್ರೆಸ್ಸುಗಳು ದಡಕ್ ದಡಕ್ ಎಂದು ಕಬ್ಬಿಣದ ಹಾಳೆಯಿಂದ ವಾಷರ್ ಕತ್ತರಿಸುತ್ತಿದ್ದವು. ಇನ್ನೊಂದರಲ್ಲಿ ಹೆಂಗಸರು ಅವನ್ನು ಕವರಿಗೆ ತುಂಬುತ್ತಿದ್ದರು.

ಮಹದೇವಪ್ಪ ಆ ಬಾಗಿಲಲ್ಲೇ ನಿಂತುಬಿಟ್ಟರು.

ಸಾಲಾಗಿ ಕೂತ ಹೆಂಗಸರ ಮಣಿಕಟ್ಟಿನ ಮೇಲೆ ಬಳೆಯ ಹಿಂದೆ ರಬ್ಬರ್ ಬ್ಯಾಂಡುಗಳು. ತೂಕ ತಪ್ಪಿದ ಕವರೊಂದು ವಾಪಸು ಬಂದರೆ ಕತ್ತರಿ ಹಿಡಿಯುವುದಿಲ್ಲ. ಬ್ಯಾಂಡನ್ನು ಬಿಚ್ಚಿ ಕೈಗೆ ಏರಿಸಿಕೊಂಡು, ಕವರನ್ನು ಒದರಿ, ಮಡಿಚಿ ಪಕ್ಕಕ್ಕಿಡುತ್ತಾರೆ. ನಾಲ್ಕು ಮಡಿಕೆ.

“ಇಲ್ಲಿ ಯಾರಾದ್ರೂ ಇತ್ತೀಚೆಗೆ ಕೆಲಸಕ್ಕೆ ಬರೋದು ನಿಲ್ಲಿಸಿದ್ದಾರಾ ತಾಯಿ?” ಎಂದು ಬಾಗಿಲ ಬಳಿ ಕೂತಿದ್ದ ವಯಸ್ಸಾದ ಬಸವಮ್ಮನನ್ನು ಕೇಳಿದರು.

ಬಸವಮ್ಮ ಕೈ ನಿಲ್ಲಿಸದೆ ಅತ್ತಿತ್ತ ನೋಡಿದಳು. “ಕುಸುಮ ಬತ್ತಾ ಇಲ್ಲ ಸ್ವಾಮಿ. ಯಜಮಾನ್ರು ತೀರಿಕೊಂಡ್ರಲ್ಲ, ಮಾರನೇ ದಿನದಿಂದ. ಪಾಪ, ಅವಳ ಗಂಡ ಜವರಯ್ಯಂಗೆ ಆ ಶೆಡ್ಡಲ್ಲೇ ಕೈ ಹೋಯ್ತಲ್ಲ. ಪ್ರೆಸ್ಸಿಗೆ ಸಿಕ್ಕಂಡು. ಆಮೇಲೆ ಅವಳೊಬ್ಬಳದೇ ದುಡಿಮೆ. ಅದನ್ನೂ ಬುಟ್ಟು ಕೂತವಳೆ.”

“ಮನೆ ಎಲ್ಲಿ?”

“ಹೆಬ್ಬಾಳದಲ್ಲಿ. ನೀರಿನ ಟ್ಯಾಂಕಿನ ಹಿಂದಲ ವಠಾರ.”

ಹಿಂದಿರುಗುವಾಗ ಗೇಟಿನ ಬಳಿಯ ಆಫೀಸಿನಿಂದ ಮಂಜುಳಮ್ಮ ಹೊರಗೆ ಬಂದರು. ಗಂಡ ಇದ್ದಾಗಲೂ ಪ್ರೊಡಕ್ಷನ್ ನೋಡಿಕೊಳ್ಳುತ್ತಿದ್ದವರು ಆಕೆಯೇ. ಈಗ ಕುರ್ಚಿಯೂ ಅವರದೇ. ಬಿಳಿಚಿದ ಮುಖ, ನಿದ್ದೆಯಿಲ್ಲದ ಕಣ್ಣು.

“ಏನಾದ್ರೂ ಗೊತ್ತಾಯ್ತಾ ಸಾರ್?”

“ಒಂದು ದಾರಿ ಕಾಣ್ತಿದೆ ಕಣಮ್ಮ. ಖಚಿತ ಮಾಡ್ಕೊಂಡು ಹೇಳ್ತೀನಿ.”

“ಹೇಳಿ,” ಎಂದರು ಆಕೆ. “ಯಾರು ಅಂತ ತಿಳಿಯೋವರೆಗೂ ನನಗೆ ಸಮಾಧಾನ ಇಲ್ಲ.”

ಆ ಮಾತಿನಲ್ಲಿ ಮಹದೇವಪ್ಪನವರಿಗೆ ವಿಧವೆಯ ದುಃಖ ಬಿಟ್ಟು ಬೇರೇನೂ ಕೇಳಿಸಲಿಲ್ಲ.

*

ಮರುದಿನ ಶಿಫ್ಟಿನ ಬಸ್ಸಿನಲ್ಲಿ ಕೆಲಸಗಾರರ ನಡುವೆ ನಿಂತುಕೊಂಡೇ ಹೆಬ್ಬಾಳಕ್ಕೆ ಬಂದಿಳಿದರು. ಹೊಸದಾಗಿ ಎದ್ದಿದ್ದ ಕಂಪ್ಯೂಟರ್ ಕಂಪನಿಯ ಗಾಜಿನ ಕಟ್ಟಡ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಅದನ್ನು ದಾಟಿ, ನೀರಿನ ಟ್ಯಾಂಕಿನ ಹಿಂದಕ್ಕೆ ಹೊರಳಿದರೆ ಒಂದೇ ಮಾಡಿನ ಕೆಳಗಿನ ಸಾಲು ಮನೆಗಳು.

ಕೊನೆಯ ಮನೆಯ ಮುಂದಿನ ಜಗಲಿಯಲ್ಲಿ ಒಬ್ಬ ಗಂಡಸು ಕೂತಿದ್ದ. ಬಲಗೈಯನ್ನು ಟವೆಲಿನೊಳಗೆ ಹುದುಗಿಸಿಕೊಂಡಿದ್ದ. ಪಕ್ಕದಲ್ಲಿ ಮೂವತ್ತು ದಾಟಿದ ಹೆಂಗಸು ಹುರಿಗಾಳನ್ನು ಸಣ್ಣ ಕವರುಗಳಿಗೆ ತುಂಬುತ್ತಿದ್ದಳು. ಮಣಿಕಟ್ಟಿನ ಮೇಲೆ ರಬ್ಬರ್ ಬ್ಯಾಂಡುಗಳು.

ಮಹದೇವಪ್ಪ ತಮ್ಮ ಹೆಸರು ಹೇಳಿದರು. ನಾಗಾರ್ಜುನರ ಸಾವಿನ ಬಗ್ಗೆ ವಿಚಾರಿಸುತ್ತಿದ್ದೇನೆ ಎಂದರು. ಹೆಂಗಸಿನ ಕೈ ಕವರಿನೊಳಗೆ ಹಾಗೇ ನಿಂತಿತು.

ಸರ್ವೀಸಿನಲ್ಲಿದ್ದಾಗ ಎಷ್ಟೋ ಜನರನ್ನು ಹೀಗೆ ಎದುರಿಗೆ ಕೂರಿಸಿಕೊಂಡಿದ್ದರು. ಎಲ್ಲರೂ ಕಾಯುವುದು ಒಂದೇ ಪ್ರಶ್ನೆಗೆ, ಆ ಹೊತ್ತಿನಲ್ಲಿ ಎಲ್ಲಿದ್ದೆ ಎಂಬುದಕ್ಕೆ. ಅದಕ್ಕೆ ಉತ್ತರ ಕಟ್ಟಿಟ್ಟುಕೊಂಡಿರುತ್ತಾರೆ. ಅವರು ಬೇರೆಯದನ್ನೇ ಕೇಳಿದರು.

“ಆ ನೀಲಿ ಮೀನನ್ನ ದೊಡ್ಡ ಟ್ಯಾಂಕಿಗೆ ಬಿಟ್ಟಿದ್ದು ನೀನೇ ಏನಮ್ಮ ಕುಸುಮ?”

ಅವಳ ಬಾಯಿ ತೆರೆದುಕೊಂಡಿತು. ಕಣ್ಣು ತುಂಬಿತು.

“ಬದುಕಿದ್ಯಾ ಸಾರ್ ಅದು?”

ಮಹದೇವಪ್ಪ ಇದಕ್ಕೆ ಸಿದ್ಧವಾಗಿರಲಿಲ್ಲ. “ಇಲ್ಲ ಅಂತ್ಲೇ ಇಟ್ಕೋ,” ಎಂದುಬಿಟ್ಟರು. “ಅದಕ್ಕೆ ರೋಗ ಇತ್ತು. ಅದನ್ನ ಬೇರೆ ಟ್ಯಾಂಕಲ್ಲಿ ಇಡಬೇಕಿತ್ತು. ಈಗ ಉಳಿದ ಮೀನಿಗೂ ಅಂಟಿದೆ.”

ಕುಸುಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೇಳಬಾರದಿತ್ತು, ಒಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು ಎಂದು ಆ ಕ್ಷಣದಲ್ಲೇ ಅವರಿಗೆ ಅನ್ನಿಸಿತು. ಮೂವತ್ತು ವರ್ಷದ ಪೊಲೀಸು ನಾಲಿಗೆ, ಯಾರ ಮೇಲೆ ಏನು ಬೀಳುತ್ತದೆ ಎಂದು ನೋಡುವುದನ್ನೇ ಮರೆತಿತ್ತು.

“ಅವರು ಕೈ ತೋರಿಸಿದ್ರು ಸಾರ್,” ಎಂದಳು ಅವಳು ಅಳುತ್ತಲೇ. “ಎಲ್ಲಿಗೆ ಬುಡ್ಲಿ ಅಂತ ಕೇಳ್ದೆ. ಹೀಗೆ ಕೈ ಎತ್ತಿ ತೋರಿಸಿದ್ರು. ನಾನು ಆ ದೊಡ್ಡ ಟ್ಯಾಂಕಿಗೇ ಅಂದ್ಕಂಡೆ.”

ಕೈ ಎತ್ತಿ ತೋರಿಸಿದರೆ ಕಾಣುವುದು ಟ್ಯಾಂಕು. ಅದರ ಪಕ್ಕದಲ್ಲೇ ಹಿಂದಿನ ಕೋಣೆಯ ಬಾಗಿಲು. ಮಹದೇವಪ್ಪನವರಿಗೆ ಆ ಎತ್ತಿದ ಕೈ ಕಣ್ಣೆದುರಿಗೇ ಬಂದಂತಾಯಿತು.

“ಅಂದ್ರೆ ಆಗ ಅವರು ಬದುಕಿದ್ರು.”

“ಬದುಕಿದ್ರು! ಕುರ್ಚಿ ಮೇಲೆ ಕೂತಿದ್ರು. ಬೆವರು ಸುರೀತಿತ್ತು. ಮಾತು ತೊದಲುತಾ ಇತ್ತು.”

“ನೀನು ಯಾಕೆ ಹೋಗಿದ್ದೆ ಅಲ್ಲಿಗೆ?”

ಉತ್ತರ ಕೊಟ್ಟವನು ಜವರಯ್ಯ. ಟವೆಲನ್ನು ಸರಿಸಿ ಕೈಯನ್ನು ಮುಂದೆ ಚಾಚಿದ. ಹೆಬ್ಬೆರಳೊಂದನ್ನು ಬಿಟ್ಟು ಮಿಕ್ಕಿದ್ದೇನೂ ಇರಲಿಲ್ಲ.

“ಇದಕ್ಕೆ ಸ್ವಾಮಿ. ಪ್ರೆಸ್ಸಿಗೆ ಮುಂದುಗಡೆ ಒಂದು ಗಾರ್ಡ್ ಇರ್ತದೆ, ಕೈ ಒಳಕ್ಕೆ ಹೋಗದಂಗೆ. ಕೆಲಸ ಬೇಗ ಆಗ್ಲಿ ಅಂತ ಅದನ್ನ ಬಿಚ್ಚಿಸಿದ್ರು. ಆಮೇಲೆ ನಾನೇ ಬಿಚ್ಚಿದ್ದು, ನಂದೇ ತಪ್ಪು ಅಂತ ಬರೆದ್ರು. ಲೇಬರ್ ಆಫೀಸಲ್ಲಿ ವಿಚಾರಣೆ ಇತ್ತು. ನಾನು ಏನು ಹೇಳಿದ್ರೂ ಯಾರು ನಂಬ್ತಾರೆ? ಯಜಮಾನ್ರು ಒಂದು ಮಾತು ನಿಜ ಹೇಳಿದ್ರೆ ಸಾಕಿತ್ತು. ಅದನ್ನೇ ಕೇಳ್ಕಂಡು ಬಾ ಅಂತ ಇವಳನ್ನ ನಾನೇ ಕಳಿಸ್ದೆ. ನನಗೆ ಅವರ ಮುಂದೆ ಹೋಗಿ ನಿಲ್ಲೋ ಮನಸ್ಸಿರ್ನಿಲ್ಲ.”

“ಅವರು ಆಗಲ್ಲ ಅಂದ್ರು. ಮಾತಿಗೆ ಮಾತು ಬೆಳೀತು. ತಳ್ಳಿದೆಯಾ ಕುಸುಮ?”

“ಇಲ್ಲ ಸಾರ್!” ಅವಳು ಎದ್ದೇ ನಿಂತಳು. ಹುರಿಗಾಳು ಜಗಲಿಯ ತುಂಬ ಚೆಲ್ಲಿತು. “ಆಗಲ್ಲ ಅನ್ನಲೇ ಇಲ್ಲ ಅವರು. ವಿಚಾರಣೆಗೆ ಬತ್ತೀನಿ ಅಂದ್ರು. ‘ಗಾರ್ಡ್ ತೆಗೆಸಿದ್ದು ನಾನಲ್ಲ ಕಣಮ್ಮ, ಆದ್ರೆ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದವನು ನಾನೇ. ಅವತ್ತಿಂದ ಊಟ ಸೇರ್ತಾ ಇಲ್ಲ. ಬರ್ತೀನಿ, ತೆಗೆಸಿದ್ದು ಯಾರು ಅಂತ ಎಲ್ಲರ ಮುಂದೆ ಹೇಳ್ತೀನಿ’ ಅಂದ್ರು. ಹಾಗೆ ಹೇಳ್ತಾ ಹೇಳ್ತಾನೇ ಎದೆ ಹಿಡ್ಕಂಡು ಕುರ್ಚಿ ಮೇಲೆ ಕುಸಿದುಬುಟ್ರು. ಕೈಲಿದ್ದ ಮೀನಿನ ಕವರು ನೆಲಕ್ಕೆ ಬಿತ್ತು. ನಮಗೆ ಅವರು ಬದುಕಬೇಕಿತ್ತು ಸಾರ್. ಅವರನ್ನ ನಾನು ಯಾಕೆ ತಳ್ಳಲಿ?”

ವಠಾರದ ಬೇರೆ ಮನೆಗಳ ಬಾಗಿಲಲ್ಲಿ ತಲೆಗಳು ಕಾಣಿಸಿಕೊಂಡವು. ಮಹದೇವಪ್ಪ ದನಿ ತಗ್ಗಿಸಿದರು.

“ಕೂತ್ಕೋ ತಾಯಿ. ತಳ್ಳಲಿಲ್ಲ, ಒಪ್ಪಿದೆ. ಮೀನಿಗೆ ಉಸಿರು ಕಟ್ಟುತ್ತೆ ಅಂತ ಕವರ್ ಬಿಚ್ಚೋಕೆ ನಿನಗೆ ಹೊತ್ತಿತ್ತು. ಅಕ್ಕಪಕ್ಕದೋರನ್ನ ಕೂಗೋಕೆ ಇರಲಿಲ್ವಾ?”

“ಕೂಗ್ತೀನಿ ಅಂದೆ. ಬೇಡ ಅಂದ್ರು. ‘ಮನೆಗೆ ಫೋನ್ ಮಾಡು, ಮಂಜು ಮಾತ್ರೆ ತಗೊಂಡು ಬರ್ತಾಳೆ’ ಅಂದ್ರು. ನಂಬರ್ ಅವರೇ ಹೇಳಿದ್ರು, ನಾನು ಒತ್ತಿದೆ.”

ಮಹದೇವಪ್ಪ ತಲೆ ಎತ್ತಿದರು.

“ಯಾರು ತೆಗೆದ್ರು?”

“ಅಮ್ಮಾವ್ರೇ. ಯಜಮಾನ್ರಿಗೆ ಎದೆನೋವು, ಅಗ್ರಹಾರದ ಮನೇಲವ್ರೆ, ಬೇಗ ಬನ್ನಿ ಅಂದೆ. ಯಾರು ನೀನು ಅಂದ್ರು. ಹೆಸರು ಹೇಳೋಕೆ ಭಯ ಆಯ್ತು ಸಾರ್. ವಿಚಾರಣೆ ಮುಂಚೆ ಗುಟ್ಟಾಗಿ ಬಂದು ಯಜಮಾನ್ರನ್ನ ಕಂಡೆ ಅಂತ ಗೊತ್ತಾದ್ರೆ ಕೆಲಸ ತೆಗೀತಾರೆ ಅಂತ. ಬೀದೀಲಿ ಹೋಗೋಳು ಅಂದೆ. ‘ಮಾತಾಡ್ತಾ ಇದ್ದಾರಾ?’ ಅಂದ್ರು. ಆಡ್ತಾವ್ರೆ ಅಂದೆ. ‘ಏನು ಹೇಳ್ತಿದ್ದಾರೆ?’ ಅಂದ್ರು. ನಾನು ಸುಮ್ಕಿದ್ದೆ. ‘ಸರಿ, ನಾನು ಕಾರು ತಗೊಂಡು ಬರ್ತೀನಿ. ಯಾರನ್ನೂ ಕರೀಬೇಡ. ನೀನು ಹೊರಡು’ ಅಂದ್ರು.”

“ನೀನು ಹೊರಟುಬಂದೆ.”

“ಬರ್ನಿಲ್ಲ. ಎಂಗೆ ಬರ್ಲಿ? ನೆಲದ ಮೇಲೆ ಕವರಲ್ಲಿ ಮೀನು ಒದ್ದಾಡ್ತಿತ್ತು. ಅವರು ಅದನ್ನೇ ನೋಡ್ತಾ ಕಣ್ಣಲ್ಲಿ ನೀರು ಹಾಕ್ತಿದ್ರು. ಅದಕ್ಕೇ ಬಿಚ್ಚಿ ಬುಟ್ಟೆ. ಆಮೇಲೆ ಹೊರಕ್ಕೆ ಬಂದು ತಿರುವಿನಲ್ಲಿ ದೇವಸ್ಥಾನದ ಮರೇಲಿ ನಿಂತ್ಕಂಡೆ. ಯಾರಾದ್ರೂ ಬಂದ್ರು ಅಂತ ನೋಡ್ಕಂಡೇ ಹೋಗೋಣ ಅಂತ.”

ಜವರಯ್ಯ ಟವೆಲನ್ನು ಮತ್ತೆ ಕೈಗೆ ಸುತ್ತಿಕೊಳ್ಳುತ್ತಿದ್ದ. ಅದು ಜಾರುತ್ತಿತ್ತು. ಕುಸುಮ ಬಾಗಿ ಅದನ್ನು ಸರಿಮಾಡಿದಳು.

“ನಾನು ಅಲ್ಲೇ ಕೂತಿದ್ರೆ ಉಳೀತಿದ್ರೇನೋ,” ಎಂದಳು. “ಬೇಡ ಅಂದ್ರೂ ನಾಲ್ಕು ಜನರನ್ನ ಕೂಗಿದ್ರೆ, ಒಂದು ಆಟೋ ಕರೆದಿದ್ರೆ... ಕೆಲಸ ಹೋದ್ರೆ ಹೋಗ್ಲಿ ಅಂತ ಅವತ್ತು ಅನ್ನಿಸಲಿಲ್ಲ ಸಾರ್. ಈಗ ನಾನೇ ಬುಟ್ಟು ಕೂತಿದ್ದೀನಿ. ಆ ಫ್ಯಾಕ್ಟರಿ ಕಡೆ ಕಾಲೇ ಬರಲ್ಲ.”

ಮಹದೇವಪ್ಪನವರ ಮನಸ್ಸು ಇನ್ನೂ ಫೋನಿನ ಬಳಿಯೇ ಇತ್ತು. ಆ ಸಂಜೆಯ ಬಗ್ಗೆ ಮಂಜುಳಮ್ಮ ಅವರಿಗೆ ಹೇಳಿದ್ದು ಸ್ಪಷ್ಟವಾಗಿತ್ತು. ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಯಾವ ಫೋನೂ ಬರಲಿಲ್ಲ. ಅಗ್ರಹಾರದ ಮನೆಗೆ ಕಾಲಿಟ್ಟು ವರ್ಷವಾಗಿತ್ತು.

ಹೆಂಡತಿ ಬರಲಿಲ್ಲ ಎಂದು ಕಾಣುತ್ತದೆ ಎಂದುಕೊಂಡರು. ಬರುತ್ತೇನೆ ಎಂದು ಹೇಳಿ ಬರದೇ ಹೋದ ಹೆಂಡತಿ. ಅದೇ ಸಂಕಟಕ್ಕೆ ಈಗ ಇನ್ಯಾರನ್ನೋ ಹುಡುಕಿಸುತ್ತಿದ್ದಾಳೆ. ಮನುಷ್ಯರು ಹಾಗೆ ಮಾಡುವುದುಂಟು.

“ಎಷ್ಟು ಹೊತ್ತು ಕಾದರೂ ಯಾರೂ ಬರಲಿಲ್ಲ, ಅಲ್ವಾ?” ಎಂದು ಮರುಕದಿಂದಲೇ ಕೇಳಿದರು.

ಕುಸುಮ ಕಣ್ಣೊರೆಸಿಕೊಂಡು ಅವರನ್ನು ನೋಡಿದಳು. ಪ್ರಶ್ನೆಯೇ ಅರ್ಥವಾಗದವಳಂತೆ.

“ಬಂದ್ರಲ್ಲ ಸಾರ್.”

“ಯಾರು?”

“ಅಮ್ಮಾವ್ರು. ಕಾರು ಬೀದಿ ತುದೀಲಿ ನಿಲ್ಲಿಸಿ ನಡ್ಕಂಡು ಬಂದ್ರು. ದಿನಾ ನೋಡೋ ಅಮ್ಮಾವ್ರನ್ನ ನಾನು ಗುರುತು ಹಿಡಿಯಲ್ವಾ? ಆಗಿನ್ನೂ ದೀಪ ಹಚ್ಚೋ ಹೊತ್ತು. ಬಾಗಿಲು ತೆಗೆದು ಒಳಕ್ಕೆ ಹೋದ್ರು. ಅಬ್ಬ, ಬಂದ್ರಲ್ಲಪ್ಪ ಅಂತ ದೇವರಿಗೆ ಕೈ ಮುಗಿದೆ.”

“ಆಮೇಲೆ?”

“ಒಳಗೆ ಏನೋ ಬಿದ್ದ ಸದ್ದಾಯ್ತು. ಯಜಮಾನ್ರನ್ನ ಎಬ್ಬಿಸ್ತಾವ್ರೆ ಅಂದ್ಕಂಡೆ. ಸ್ವಲ್ಪ ಹೊತ್ತಿಗೆ ನಡುಮನೆ ಲೈಟು ಆರಿತು. ಮೀನಿನ ಟ್ಯಾಂಕಿನ ನೀಲಿ ಬೆಳಕು ಮಾತ್ರ ಕಿಟಕೀಲಿ ಕಾಣ್ತಿತ್ತು. ಅಮ್ಮಾವ್ರು ಒಬ್ಬರೇ ಆಚೆಗೆ ಬಂದ್ರು. ಬಾಗಿಲು ಎಳ್ಕಂಡು, ಸೆರಗು ಹೊದ್ದು, ಕಾರಿನ ಕಡೆ ಹೋದ್ರು. ಮಾತ್ರೆ ಕೊಟ್ಟು ಮಲಗಿಸಿದ್ದಾರೆ, ಡಾಕ್ಟ್ರನ್ನ ಕರಕೊಂಡು ಬರೋಕೆ ಹೋಗ್ತಾವ್ರೆ ಅಂತ ನಾನೂ ಬಸ್ಸು ಹತ್ತಿದೆ.”

ಬೆಳಿಗ್ಗೆ ಬಾಗಿಲು ತೆಗೆದಾಗ ಯಜಮಾನರು ಕುರ್ಚಿಯ ಮೇಲಿರಲಿಲ್ಲ, ಸ್ಟ್ಯಾಂಡಿನ ಬುಡದಲ್ಲಿ ಬಿದ್ದಿದ್ದರು ಎಂದು ತಿಮ್ಮಮ್ಮ ಹೇಳಿದ್ದಳು. ತಲೆಯ ಹಿಂದಿನ ಗಾಯ ಸ್ಟ್ಯಾಂಡಿನದೇ ಎಂದು ವರದಿಯಲ್ಲಿತ್ತು. ಮಹದೇವಪ್ಪ ಅದನ್ನು ಓದಿದ್ದರು. ಓದಿ ಪಕ್ಕಕ್ಕಿಟ್ಟಿದ್ದರು. ಫ್ಯಾಕ್ಟರಿಯ ಪ್ರೊಡಕ್ಷನ್ ಯಾರ ಕೈಯಲ್ಲಿತ್ತು ಎಂಬುದೂ ಆಗ ನೆನಪಾಯಿತು.

“ಅಮ್ಮಾವ್ರು ನಿಮಗೆ ಇದನ್ನೆಲ್ಲ ಹೇಳಲಿಲ್ವಾ ಸಾರ್?” ಎಂದಳು ಕುಸುಮ.

ಗಂಡ ಹೆಂಡತಿ ಇಬ್ಬರೂ ಮಹದೇವಪ್ಪನವರ ಮುಖವನ್ನೇ ನೋಡುತ್ತಿದ್ದರು. ಮೊದಲು ಅರ್ಥವಾದದ್ದು ಜವರಯ್ಯನಿಗೆ. ಅವನು ಮೆಲ್ಲಗೆ ಎದ್ದು ಎಡಗೈಯಿಂದ ಹೆಂಡತಿಯ ಭುಜ ಹಿಡಿದುಕೊಂಡ.

“ಇರ್ಲಿ ಬುಡು,” ಎಂದ. “ಫೋನಲ್ಲಿ ಹೆಸರು ಹೇಳಿಲ್ವಲ್ಲ ನೀನು. ಅವತ್ತು ಅಲ್ಲಿದ್ದವಳು ನೀನು ಅಂತ ಅಮ್ಮಾವ್ರಿಗೆ ಎಂಗೆ ಗೊತ್ತಾಯ್ತದೆ? ಅಲ್ವಾ ಸ್ವಾಮಿ?”

ಮಹದೇವಪ್ಪ ಜಗಲಿಯ ಕಂಬ ಹಿಡಿದು ನಿಂತರು. ಈ ಹೊತ್ತಿಗಾದರೂ ಒಂದು ಸುಳ್ಳು ನಾಲಿಗೆಗೆ ಬರಬಾರದೇ ಎನ್ನಿಸಿತು.

“ಗೊತ್ತಾಗಿದೆ ಕಣಪ್ಪ,” ಎಂದರು. “ಬೆಳಿಗ್ಗೆ ಬಸ್ಸು ಹತ್ತೋ ಮುಂಚೆ ಇವಳ ಹೆಸರು, ಈ ಮನೆ ಗುರುತು, ಎರಡನ್ನೂ ಅವರಿಗೆ ಸಮಾಧಾನ ಆಗ್ಲಿ ಅಂತ ನಾನೇ ಫೋನ್ ಮಾಡಿ ಹೇಳಿಬಿಟ್ಟೆ.”